ಒಂದು ಪುಟದಿಂದ ಇನ್ನೊಂದಕ್ಕೆ

ಅಂತರ್ಜಾಲದ ಬರಹಗಳ ಕೆಳಗೆ ಟ್ಯಾಗ್‌ಗಳು, ‘ಇವನ್ನೂ ಓದಿ’ ಎಂಬ ಕೊಂಡಿಗಳು ಇರುತ್ತವೆ. ಅವುಗಳಿಂದ ಓದುಗರು ಹೆಚ್ಚುವುದು ಹೇಗೆ?
– ಓದುಗರೊಬ್ಬರು, ವಿದ್ಯಾರಣ್ಯಪುರ

ನಿಮ್ಮ ಬಡಾವಣೆಯ ಹೆಸರಿನಿಂದಲೇ ಹೊರಡೋಣ. ವಿದ್ಯಾರಣ್ಯರ ಬಗ್ಗೆ ಒಂದು ಪುಟವಿದೆ ಎನ್ನಿ. ಓದಿ ಮುಗಿಸಿದವರಿಗೆ ಅಲ್ಲೇ ಶೃಂಗೇರಿ, ವಿಜಯನಗರ, ಹಂಪಿಯ ಕೊಂಡಿಗಳು ಕಂಡರೆ ಒತ್ತುತ್ತಾರೆ, ಇಲ್ಲದಿದ್ದರೆ ಹೊರಟುಹೋಗುತ್ತಾರೆ. ಯಶವಂತಪುರದಲ್ಲಿ ಇಳಿದವರಿಗೆ ಮುಂದಿನ ಬಸ್ಸು ಎದುರಿಗೇ ನಿಂತಿದ್ದರೆ ಪ್ರಯಾಣ ಮುಂದುವರಿಯುವಂತೆ ಇದು.

ಟ್ಯಾಗ್ ಒಂದೇ ವಿಷಯದ ಪುಟಗಳನ್ನು ಒಂದೆಡೆ ಸೇರಿಸುತ್ತದೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಈ ಕೆಲಸ ಮಾಡುವುದು ಪುಟದ ಕೊನೆಯ ‘ವರ್ಗ’.

ಇನ್ನೊಂದು ಲಾಭ ಕಣ್ಣಿಗೆ ಕಾಣದು, ಆದರೆ ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಗೂಗಲ್‌ನಂಥ ಶೋಧಯಂತ್ರದ ತಂತ್ರಾಂಶ ಹೊಸ ಪುಟಗಳನ್ನು ಹುಡುಕುವುದು ಮುಖ್ಯವಾಗಿ ಕೊಂಡಿಗಳನ್ನು ಹಿಡಿದೇ. ಯಾವ ಕೊಂಡಿಯೂ ಇಲ್ಲದ ಪುಟ ಅದಕ್ಕೆ ಸುಲಭವಾಗಿ ಸಿಗದು. ಲ್ಯಾರಿ ಪೇಜ್ ಮತ್ತು ಸರ್ಗೇಯ್ ಬ್ರಿನ್ 1998ರಲ್ಲಿ ಗೂಗಲ್ ಕಟ್ಟಿದ್ದೇ ಪ್ರತಿ ಕೊಂಡಿಯನ್ನೂ ಒಂದು ಶಿಫಾರಸಿನಂತೆ ಎಣಿಸುವ ವಿಧಾನದ ಮೇಲೆ.

ಕಂಡಕಂಡ ಟ್ಯಾಗ್ ಅಂಟಿಸಿದರೆ ಮಾತ್ರ ಓದುಗರು ದಾರಿ ತಪ್ಪುತ್ತಾರೆ. ನೀವು ಕನ್ನಡದಲ್ಲಿ ಬರೆಯುವವರಾದರೆ, ಹಳೆಯ ಬರಹಗಳಿಗೂ ಹೊಸದರ ಕೊಂಡಿ ಸೇರಿಸಿ.