ಫಿಜಿಯ ನೀಲಿ ಟೊಪ್ಪಿಗೆ

ದಕ್ಷಿಣ ಪೆಸಿಫಿಕ್ ಸಾಗರದ ಫಿಜಿಗೆ ನೆಲದ ಗಡಿಯೇ ಇಲ್ಲ, ಸುತ್ತಲೂ ನೀರೇ. ಜನಸಂಖ್ಯೆ ಒಂಬತ್ತು ಲಕ್ಷದ ಆಸುಪಾಸು. ಆದರೂ ಲೆಬನಾನ್, ಸಿನಾಯ್, ಪೂರ್ವ ಟಿಮೋರ್, ಇರಾಕ್, ಗೋಲನ್ ಎಂದು ಅದರ ಸೈನಿಕರು ಪರರ ಜಗಳಗಳ ನಡುವೆ ಕಾವಲು ನಿಂತಿದ್ದಾರೆ.

ಈ ರೂಢಿಯ ಬೇರು ಎರಡನೇ ಮಹಾಯುದ್ಧದಲ್ಲಿದೆ. 1944ರಲ್ಲಿ ಬೂಗನ್‌ವಿಲ್ ದ್ವೀಪದಲ್ಲಿ ಗಾಯಗೊಂಡು ಬಿದ್ದಿದ್ದ ಕಾರ್ಪೊರಲ್ ಸೆಫನಾಯಾ ಸುಕನೈವಲು ಅವರನ್ನು ಎತ್ತಿ ತರಲು ಸಂಗಡಿಗರು ಮತ್ತೆ ಮತ್ತೆ ಮುನ್ನುಗ್ಗುತ್ತಿದ್ದರು. ತಾನು ಜೀವಂತ ಇರುವವರೆಗೆ ಇವರು ಬಿಡುವವರಲ್ಲ ಎಂದು ತಿಳಿದ ಆತ ಜಪಾನೀ ಮಷಿನ್‌ಗನ್ನಿಗೆ ಎದುರಾಗಿ ಮೇಲೆದ್ದರು. ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂತು. ಅದೇ ಯುದ್ಧದಲ್ಲಿ, ಕಬ್ಬಿನ ತೋಟಗಳಿಗೆ ಗಿರ್ಮಿಟ್ ಕರಾರಿನ ಮೇಲೆ ಬಂದ ಭಾರತೀಯರ ಸಂತತಿ ಬಿಳಿಯರಷ್ಟೇ ಸಂಬಳ ಕೇಳಿತು, ಸಿಗದಾಗ ಹೆಚ್ಚಿನವರು ದೂರ ಉಳಿದರು. ಕೇಳಿದ್ದು ನ್ಯಾಯವೇ, ಆದರೆ ಸೈನ್ಯ ಮೂಲನಿವಾಸಿಗಳದೇ ಎಂಬಂತಾಯಿತು.

1970ರಲ್ಲಿ ಸ್ವಾತಂತ್ರ್ಯ ಬಂತು. 1978ರ ಮಾರ್ಚ್‌ನಲ್ಲಿ ಇಸ್ರೇಲ್ ದಕ್ಷಿಣ ಲೆಬನಾನಿಗೆ ನುಗ್ಗಿದಾಗ ವಿಶ್ವಸಂಸ್ಥೆ ನೀಲಿ ಟೊಪ್ಪಿಗೆಯ ಶಾಂತಿಪಡೆ ಕಟ್ಟಿತು. ಪ್ರಧಾನಿ ಕಮಿಸೆಸೆ ಮಾರಾ ಸರ್ಕಾರ ಒಂದು ಬೆಟಾಲಿಯನ್ ಕಳಿಸಿತು. 1982ರಿಂದ ಸಿನಾಯ್ ಮರುಭೂಮಿಗೂ ಫಿಜಿಯನ್ನರು ಹೊರಟರು. ಅದು ವಿಶ್ವಸಂಸ್ಥೆಯದಲ್ಲ, ಈಜಿಪ್ಟ್–ಇಸ್ರೇಲ್ ಒಪ್ಪಂದದ ಕಾವಲಿಗೆ ಹುಟ್ಟಿದ ಬೇರೆಯೇ ಪಡೆ. ಹೀಗೆ ಶಾಂತಿ ಕಾಯುವುದರಲ್ಲಿ ಹೆಸರೂ ಇತ್ತು, ಹಣವೂ ಇತ್ತು. ವಿಶ್ವಸಂಸ್ಥೆ ಪ್ರತಿ ಸೈನಿಕನ ತಲೆಗೆ ತಿಂಗಳಿಗಿಷ್ಟು ಎಂದು ಆಯಾ ಸರ್ಕಾರಕ್ಕೆ ಹಣ ಕೊಡುತ್ತದೆ. 2018ರಲ್ಲಿ ಆ ದರ 1,428 ಡಾಲರ್. ಬಡ ದೇಶಕ್ಕೂ ಸಿರಿವಂತ ದೇಶಕ್ಕೂ ಒಂದೇ ದರವಾದ್ದರಿಂದ ಬಡ ದೇಶಕ್ಕೇ ಅದು ಹೆಚ್ಚು ಗಿಟ್ಟುತ್ತದೆ. ಕೆಲಸವಿಲ್ಲದ ಹಳ್ಳಿ ಹುಡುಗರಿಗಂತೂ ಸೈನ್ಯ ದೊಡ್ಡ ಬಾಗಿಲು.

ಹೊರಗಿನ ಕಾವಲಿಗೆಂದು ಹಿಗ್ಗಿದ ಸೈನ್ಯ ಮನೆಗೆ ಬಂದಾಗ ಏನು ಮಾಡುತ್ತದೆ? 1987ರ ಮೇ 14ರಂದು ಮುಖವಾಡ ತೊಟ್ಟ ಸೈನಿಕರು ಸಂಸತ್ತಿಗೆ ನುಗ್ಗಿ, ಭಾರತೀಯ ಮೂಲದವರ ಬೆಂಬಲದಿಂದ ಗೆದ್ದಿದ್ದ ಟಿಮೋಚಿ ಬವಾದ್ರಾ ಸರ್ಕಾರವನ್ನು ಬಂಧಿಸಿದರು. ಈ ದಂಗೆ ನಡೆಸಿದ್ದು ಲೆಫ್ಟಿನೆಂಟ್ ಕರ್ನಲ್ ಸಿಟಿವೇನಿ ರಬುಕಾ. ಲೆಬನಾನ್, ಸಿನಾಯ್ ಎರಡೂ ಕಡೆ ಶಾಂತಿ ಕಾದಿದ್ದ ಈತ, ನಮ್ಮ ನೀಲಗಿರಿಯ ವೆಲ್ಲಿಂಗ್ಟನ್ ಸ್ಟಾಫ್ ಕಾಲೇಜಿನಲ್ಲಿ ಓದಿದವರೂ ಹೌದು.

ದಂಗೆಯಿಂದ ಲೆಬನಾನಿನ ಕೆಲಸ ನಿಲ್ಲಲಿಲ್ಲ. 1996ರ ಏಪ್ರಿಲ್ 18ರಂದು ಕಾನಾ ಊರಿನ ಫಿಜಿ ಶಿಬಿರದಲ್ಲಿ ಸುಮಾರು 800 ಹಳ್ಳಿಗರು ಆಸರೆ ಪಡೆದಿದ್ದರು. ವಿಶ್ವಸಂಸ್ಥೆಯ ಬಾವುಟದಡಿ ಬಾಂಬು ಬೀಳದು ಎಂಬ ನಂಬಿಕೆ. ಇಸ್ರೇಲಿ ಫಿರಂಗಿ ಗುಂಡುಗಳು ಶಿಬಿರದೊಳಕ್ಕೇ ಬಿದ್ದು ನೂರಕ್ಕೂ ಹೆಚ್ಚು ಮಂದಿ ಸತ್ತರು. ಗಾಯಗೊಂಡವರಲ್ಲಿ ಫಿಜಿ ಸೈನಿಕರೂ ಇದ್ದರು. 2002ರಲ್ಲಿ ಆ ಬೆಟಾಲಿಯನ್ ಊರಿಗೆ ಮರಳಿತು.

2006ರಲ್ಲಿ ಸೇನಾ ಮುಖ್ಯಸ್ಥ ಫ್ರಾಂಕ್ ಬೈನಿಮರಾಮ ಮತ್ತೊಂದು ದಂಗೆ ನಡೆಸಿದರು. ಆದರೂ 2013ರಲ್ಲಿ ಆಸ್ಟ್ರಿಯಾ ತನ್ನ ಶಾಂತಿ ಸೈನಿಕರನ್ನು ಗೋಲನ್‌ನಿಂದ ಕರೆಸಿಕೊಂಡಾಗ, ಸಿರಿಯಾದ ಅಂತರ್ಯುದ್ಧದ ಅಂಚಿನ ಆ ಜಾಗಕ್ಕೆ ಬಂದವರಲ್ಲಿ ಫಿಜಿಯನ್ನರಿದ್ದರು. ಮರುವರ್ಷ ಆಗಸ್ಟ್ ಕೊನೆಗೆ ನುಸ್ರಾ ಫ್ರಂಟ್ ಬಂಡುಕೋರರು 45 ಫಿಜಿ ಸೈನಿಕರನ್ನು ಸೆರೆಹಿಡಿದರು. ಎರಡು ವಾರದ ಬಳಿಕ, ಸೆಪ್ಟೆಂಬರ್ 11ರಂದು ಎಲ್ಲರನ್ನೂ ಬಿಟ್ಟರು. ಅದಾದ ಆರನೆಯ ದಿನ ಫಿಜಿಯಲ್ಲಿ, 2006ರ ದಂಗೆಯ ನಂತರದ ಮೊದಲ ಚುನಾವಣೆ ನಡೆಯಿತು. ಗೆದ್ದವರು ಬೈನಿಮರಾಮ.