ಬಚ್ಚಲ ನೀರಿಗೂ ಅರಳುವ ಥಂಡಿಗಾಲದ ಹೂಗಳು

ಸೊಲ್ಲಾಪುರ: ದೀಪಾವಳಿ ಮುಗಿದು ಥಂಡಿ ಸುರುವಾಯಿತೆಂದರೆ ನಮ್ಮ ಕಡೆ ನರ್ಸರಿಗಳ ಮುಂದೆ ಗದ್ದಲವೋ ಗದ್ದಲ. ಪುಣೆ ಹೆದ್ದಾರಿಯ ಉರುಳಿ ಕಾಂಚನ ಸುತ್ತಲಿನ ದೊಡ್ಡ ನರ್ಸರಿಗಳಲ್ಲಿ ಬೆಳೆಸಿದ ಪೆಟೂನಿಯಾ, ಡೇಲಿಯಾ, ಪ್ಯಾನ್ಸಿ ಸಸಿಗಳು ಕರಿ ಪ್ಲಾಸ್ಟಿಕ್ ಚೀಲದಲ್ಲಿ ಹೂ ಬಿಟ್ಟುಕೊಂಡೇ ನಿಂತಿರುತ್ತವೆ. ನೋಡಿದವರು ಬಿಡುವುದಿಲ್ಲ, ಐದಾರು ಚೀಲ ಸ್ಕೂಟರಿಗೆ ನೇತು ಹಾಕಿಕೊಂಡು ಮನೆಗೆ ಒಯ್ಯುತ್ತಾರೆ. ಸಂಕ್ರಮಣ ಬರೋದ್ರೊಳಗ ಅದರಲ್ಲಿ ಅರ್ಧ ಒಣಗಿರುತ್ತವೆ. ಶಿವರಾತ್ರಿ ಹೊತ್ತಿಗೆ ಬರೀ ಕುಂಡ.

ತಪ್ಪು ಸಸಿಯದ್ದಲ್ಲ. ಥಂಡಿಗಾಲ ಅಂದ್ರೆ ಎಲ್ಲಾ ಕಡೆ ಒಂದೇ ಅಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಡಿಸೆಂಬರ್ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೂ ಮಧ್ಯಾಹ್ನ 30ರ ಹತ್ತಿರ ಬಿಸಿಲು ಬೀಳುತ್ತದೆ. ಹಿಮ ಇಲ್ಲ, ಮಂಜು ಅಪರೂಪ, ಗಾಳಿ ಒಣಗಾಳಿ. ಮಳೆಯೆಂಬುದು ಬಹುಪಾಲು ಸಪ್ಟೆಂಬರ್‌ನಲ್ಲೇ ಸುರಿದು ಹೋಗಿರುತ್ತದೆ. ತಂಪು ದೇಶದ ಪ್ಯಾನ್ಸಿಯಂಥ ಹೂವಿಗೆ ಇದು ಚಳಿಗಾಲವೇ ಅಲ್ಲ. ಪೆಟೂನಿಯಾ ನಿಂತೀತು, ಆದರೆ ಸಣ್ಣ ಚೀಲದ ಮಣ್ಣಿನಲ್ಲಿ ಅದಕ್ಕೆ ಹೆಚ್ಚು ಕಡಿಮೆ ದಿನಾ ನೀರು ಬೇಕು. ನಾಲ್ಕೈದು ದಿನಕ್ಕೊಮ್ಮೆ ನಳ ಬಂದ ವರ್ಷಗಳನ್ನು ಕಂಡ ಊರಿನಲ್ಲಿ ಯಾರು ಹಾಕ್ಯಾರು?

ಆದರೆ ಅದೇ ಗಲ್ಲಿಯಲ್ಲಿ ಹಳೇ ವಾಡೆಯ ಅಂಗಳಕ್ಕೆ ಹೋಗಿ ನೋಡಿ. ಒಡೆದ ಬಕೀಟು, ತುಕ್ಕು ಹಿಡಿದ ಎಣ್ಣಿ ಡಬ್ಬಿ, ಬಚ್ಚಲ ನೀರು ಹರಿದು ಹೋಗೋ ಮೋರಿ ಪಕ್ಕದ ಗೇಣು ಜಾಗ, ಅಲ್ಲೆಲ್ಲ ಬಣ್ಣ. ಶೇವಂತಿ, ಚೆಂಡು ಹೂ, ಗೋರಂಟಿ, ಬಿದಿರು ತಟ್ಟಿ ಮೇಲೆ ಅವರಿ ಬಳ್ಳಿ. ಇವಕ್ಕೆ ಯಾರೂ ನರ್ಸರಿಗೆ ಹೋಗಿಲ್ಲ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಸೆರಗಿನೊಳಗೆ ಸುತ್ತಿಕೊಂಡು ಬಂದ ಮರಿಗಳಿವು. ವಾಡೆಗಳು ಬಿದ್ದು ಅಪಾರ್ಟಮೆಂಟ್ ಏಳುತ್ತಿರುವ ಈ ದಿನಗಳಲ್ಲಿ ಮೊದಲು ಹೋಗುವುದು ಈ ಅಂಗಳ. ಅಂಗಳದ ಹಿಂದೆ ಗಿಡ, ಗಿಡದ ಹಿಂದೆ ಅದರ ಕನ್ನಡ ಹೆಸರು.

ಕತ್ತಲೆ ಬೇಡುವ ಶೇವಂತಿ

ಇವುಗಳಲ್ಲಿ ಶೇವಂತಿಯದೇ ಹಿರಿತನ. ಮರಾಠಿಯವರಿಗೂ ಅದು ಶೇವಂತಿಯೇ, ನಮಗೂ ಶೇವಂತಿಯೇ, ಹೆಸರಿನ ಜಗಳವಿಲ್ಲ. ಈ ಗಿಡದ ಗುಟ್ಟು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ. ಶೇವಂತಿ ಹೂ ಬಿಡುವುದು ಚಳಿ ನೋಡಿ ಅಲ್ಲ, ಕತ್ತಲೆ ನೋಡಿ. ಹಗಲು ಸಣ್ಣದಾಗಿ ರಾತ್ರಿ ದೊಡ್ಡದಾಗುತ್ತ ಬಂದಾಗ ಗಿಡದ ಎಲೆಗೆ ಅದು ತಿಳಿಯುತ್ತದೆ, ಆಗ ಚಿಗುರು ನಿಂತು ಮೊಗ್ಗು ಸುರುವಾಗುತ್ತದೆ. ನಮ್ಮ ಭಾಗದಲ್ಲಿ ಡಿಸೆಂಬರ್ 21-22ರ ಸುಮಾರಿಗೆ ರಾತ್ರಿಯೇ ಹತ್ತಿರ ಹತ್ತಿರ 13 ತಾಸು ಇರುತ್ತದೆ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ಬೀದಿ ದೀಪದ ಕೆಳಗೆ ಅಥವಾ ರಾತ್ರಿಯೆಲ್ಲ ಬಲ್ಬು ಉರಿಯುವ ವರಾಂಡದಲ್ಲಿ ಇಟ್ಟ ಶೇವಂತಿ ಬರೀ ಎಲೆ ಬಿಟ್ಟುಕೊಂಡು ಎತ್ತರವಾಗುತ್ತದೆ, ಹೂ ತಡವಾಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. 'ನಮ್ಮ ಗಿಡಕ್ಕ ದೃಷ್ಟಿ ಆಗೇತಿ' ಎಂದು ಹರಳು ಸುಳಿದು ಒಗೆಯುವವರೂ ಉಂಟು. ದೃಷ್ಟಿ ಅಲ್ಲ, ಮುನಸಿಪಾಲಿಟಿ ದೀಪ. ಕುಂಡವನ್ನು ಹಿತ್ತಲ ಕತ್ತಲೆಗೆ ಸರಿಸಿ ಇಟ್ಟರೆ ಅಷ್ಟೇ ಸಾಕು. ಕ್ರಿಸ್‌ಮಸ್ ಹೊತ್ತಿಗೆ ಮಾರಾಟಕ್ಕೆ ಬರುವ ಕೆಂಪೆಲೆಯ ಪಾಯಿನ್‌ಸೆಟಿಯಾಕ್ಕೂ ಇದೇ ಮಾತು.

ಶೇವಂತಿ ಒಂದು ಸಲ ಬಂದರೆ ಮನೆ ಬಿಟ್ಟು ಹೋಗುವುದಿಲ್ಲ, ಅದರ ಹಂಗಾಮು ತಿಳಿದಿರಬೇಕಷ್ಟೆ. ಫೆಬ್ರುವರಿಯಲ್ಲಿ ಹೂ ಮುಗಿದ ಮೇಲೆ ಗಿಡವನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಬೇಕು. ಬುಡದಲ್ಲಿ ಮರಿ ಏಳುತ್ತವೆ. ಬೇಸಿಗೆಯನ್ನು ನೆರಳಲ್ಲಿ, ಜೀವ ಹಿಡಿಯುವಷ್ಟೇ ನೀರಿನಲ್ಲಿ ಕಳೆಸಬೇಕು. ಮಿರಗದ ಮಳೆ ಬಿದ್ದ ಮೇಲೆ ಮರಿ ಬಿಡಿಸಿ ಬೇರೆ ಬೇರೆ ಹಚ್ಚಬೇಕು. ಆಗಸ್ಟ್ ಮುಗಿಯುವವರೆಗೆ ತುದಿ ಚಿವುಟುತ್ತ ಇದ್ದರೆ ಗಿಡ ಕವಲೊಡೆದು ಪೊದೆಯಾಗುತ್ತದೆ. ಆಮೇಲೆ ಚಿವುಟಬಾರದು, ಚಿವುಟಿದರೆ ಮೊಗ್ಗನ್ನೇ ಚಿವುಟಿದಂತೆ. ಒಂದು ಕುಂಡದ್ದು ಮರು ವರ್ಷ ಐದಾರು ಕುಂಡ ಆಗುತ್ತದೆ. ಬಿ.ಕಾಂ. ಓದಿದವನ ಲೆಕ್ಕದಲ್ಲಿ ಹೇಳುವುದಾದರೆ ಇಷ್ಟು ಬಡ್ಡಿ ಯಾವ ಪತಸಂಸ್ಥೆಯೂ ಕೊಡುವುದಿಲ್ಲ.

ಸಂಕ್ರಮಣಕ್ಕೇ ಬರುವ ಬಳ್ಳಿ

ಜನವರಿಯಲ್ಲಿ ಕೆಲವು ಹಳೇ ಬಂಗಲೆಗಳ ಕಂಪೌಂಡ್ ಮೇಲೆ ಬೆಂಕಿ ಹತ್ತಿದಂತೆ ಕೇಸರಿ ಹೂ ಗೊಂಚಲು ಗೊಂಚಲಾಗಿ ಜೋತು ಬಿದ್ದಿರುವುದನ್ನು ನೋಡಿರಬಹುದು. ಎಲೆ ಕಾಣದಷ್ಟು ಹೂ. ಬ್ರೆಝಿಲ್ ಕಡೆಯ ಬಳ್ಳಿ ಇದು. ಎಷ್ಟೋ ದೂರದಿಂದ ಬಂದರೂ ಅರಳುವುದು ಸರಿಯಾಗಿ ನಮ್ಮ ಹಬ್ಬದ ಹೊತ್ತಿಗೆ, ಅದಕ್ಕೇ ಮರಾಠಿಯಲ್ಲಿ ಇದರ ಹೆಸರೇ 'ಸಂಕ್ರಾಂತ ವೇಲ'. ಕನ್ನಡದಲ್ಲಿ ಸಂಕ್ರಾಂತಿ ಬಳ್ಳಿ ಎನ್ನಲು ಯಾರ ಅಪ್ಪಣೆಯೂ ಬೇಕಿಲ್ಲ. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರ ಜಾತ್ರೆಯ ಏಳು ನಂದಿಧ್ವಜಗಳು ಮೆರವಣಿಗೆ ಹೊರಡುವ ದಿನಗಳಲ್ಲೇ ಇದೂ ತುಂಬಿ ನಿಂತಿರುತ್ತದೆ. ಹೂವಿನ ಕೊಳವೆಗೆ ಸೂರಕ್ಕಿಗಳು ಬಂದು ಚುಂಚು ಹಾಕುತ್ತವೆ.

ಇದು ಬೀಜದಿಂದಲ್ಲ, ಮಳೆಗಾಲದಲ್ಲಿ ಕಡ್ಡಿ ಹಚ್ಚಿ ಬೆಳೆಸುವ ಬಳ್ಳಿ. ಬೇರು ಬಿಟ್ಟ ಮೇಲೆ ಒಳ್ಳೆ ಬಿಸಿಲು, ಹತ್ತಲು ಒಂದು ಗೋಡೆ, ವಾರಕ್ಕೆ ಒಂದೆರಡು ಕೊಡ ನೀರು ಸಾಕು. ಹೂ ಬರುವುದು ಹೊಸ ಚಿಗುರಿನ ತುದಿಗೆ. ಆದ್ದರಿಂದ ಕತ್ತರಿ ಹಾಕುವುದಿದ್ದರೆ ಹೂ ಉದುರಿದ ಕೂಡಲೇ ಹಾಕಬೇಕು, ಮಳೆಗಾಲ ಕಳೆದ ಮೇಲೆ ಹಾಕಿದರೆ ಆ ವರ್ಷದ ಸಂಕ್ರಮಣ ಖಾಲಿ.

ಬೋಗನವೇಲ ಎಲ್ಲರಿಗೂ ಗೊತ್ತಿದ್ದದ್ದೇ. ಅದರ ಬಣ್ಣ ಹೂವಿನದಲ್ಲ, ಹೂವಿನ ಸುತ್ತಲಿನ ಎಲೆಯದು. ನಿಜವಾದ ಹೂ ಒಳಗೆ ಸಣ್ಣಗೆ ಬಿಳಿ ಇರುತ್ತದೆ. ನೀರು ಕಡಿಮೆ ಮಾಡಿದಷ್ಟೂ ಬಣ್ಣ ಜಾಸ್ತಿ. ನಮ್ಮ ನೆಲಕ್ಕೆಂದೇ ಹೇಳಿ ಮಾಡಿಸಿದ ಗುಣ.

ಗೋರಂಟಿ, ಚೆಂಡು, ಅವರಿ

ಗೋರಂಟಿ ಎಂದರೆ ದಕ್ಷಿಣದ ಕೆಲವರಿಗೆ ಮದರಂಗಿ ನೆನಪಾಗುತ್ತದೆ. ಇಲ್ಲಿ ಹೇಳುತ್ತಿರುವುದು ಬೇಲಿಯ ಗೋರಂಟಿ, ಮರಾಠಿಯ ಕೋರಾಂಟಿ. ಹಳದಿಯದ್ದಕ್ಕೆ ಮುಳ್ಳು ಇರುತ್ತದೆ, ನೇರಳೆ ಮತ್ತು ಬಿಳಿ ಹೂವಿನದಕ್ಕೆ ಇಲ್ಲ. ಹಲ್ಲು ನೋವಿಗೆ ಹಳದಿ ಗೋರಂಟಿ ಎಲೆ ಅಗಿಯುವ ರೂಢಿ ಇದೆ, ವಜ್ರದಂತಿ ಎಂಬ ಹೆಸರು ಅದರಿಂದಲೇ. ನೀರು ಹಾಕದಿದ್ದರೂ ಬದುಕುವ ಗಿಡಗಳ ಪೈಕಿ ಇದು ಮೊದಲನೆಯದು. ಆದರೂ ನರ್ಸರಿಯಲ್ಲಿ ಕೇಳಿದರೆ ಸಿಗುವುದು ಕಷ್ಟ, ಮಾರುವಂಥ ಗಿಡ ಎಂದು ಯಾರಿಗೂ ಅನಿಸಿಲ್ಲ. ಹಳೇ ಗುಡಿ ಹಿಂದಿನ ಬೇಲಿಯಿಂದ ಕಡ್ಡಿ ತಂದರೆ ಹತ್ತುತ್ತದೆ.

ಚೆಂಡು ಹೂವಿಗೆ ಮರಾಠಿಯಲ್ಲಿ ಝೆಂಡು. ದಸರಾ, ದೀಪಾವಳಿಗೆ ಮುಗಿಯಿತೆಂದು ಕಿತ್ತು ಒಗೆಯುವವರೇ ಜಾಸ್ತಿ. ಬಾಡಿದ ಹೂವನ್ನು ಆಗಾಗ ಕೀಳುತ್ತಿದ್ದರೆ ಅದು ಸಂಕ್ರಮಣ ದಾಟಿಯೂ ಅರಳುತ್ತದೆ. ಬದನಿ, ಟೊಮ್ಯಾಟೊ ಬೇರಿಗೆ ಗಂಟು ಕಟ್ಟುವ ಸಣ್ಣ ಹುಳುವನ್ನೂ ಇದರ ಬೇರು ತಗ್ಗಿಸುತ್ತದೆ. ಕೈತೋಟದಲ್ಲಿ ನಡುನಡುವೆ ಹಚ್ಚುವುದು ಚಂದಕ್ಕೆ ಮಾತ್ರ ಅಲ್ಲ.

ಅವರಿಯನ್ನು ಕಾಯಿಪಲ್ಲೆ ಎಂದು ಬದಿಗೆ ಸರಿಸಬಾರದು. ನೇರಳೆ ಹೂವಿನ ಕದಿರು, ನೇರಳೆ ಅಂಚಿನ ಕಾಯಿ, ತಟ್ಟಿ ತುಂಬ ಹಬ್ಬಿದರೆ ಯಾವ ಅಲಂಕಾರದ ಬಳ್ಳಿಗೂ ಕಡಿಮೆಯಿಲ್ಲ. ನಾಟಿ ಅವರಿ ಕೂಡ ಶೇವಂತಿಯಂತೆ ರಾತ್ರಿ ದೊಡ್ಡದಾದ ಮೇಲೆಯೇ ಹೂ ಬಿಡುವ ಜಾತಿ. ಭೋಗಿ ದಿನದ ಭಾಜಿಗೆ ಅಂಗಳದ್ದೇ ಕಾಯಿ, ಜೊತೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ.

ಹೊಲದ ಬಣ್ಣ ಅಂಗಳಕ್ಕೆ

ನನ್ನ ಕೇಳಿದರೆ ಗಡಿನಾಡಿನ ಚಳಿಗಾಲದ ನಿಜವಾದ ಹೂದೋಟ ಎರಿ ಹೊಲ. ಎಳ್ಳಮಾಸಿಗೆ ಚರಗ ಚೆಲ್ಲಲು ಹೋದವರು ನೋಡಿರುತ್ತಾರೆ. ಆಳೆತ್ತರದ ಬಿಳಿಜೋಳ, ಅದರ ನಡುವೆ ಸಾಲು ಹಿಡಿದು ಅಗಸಿ, ಕಾಲ ಬಳಿ ಕಡ್ಲಿಯ ಗುಲಾಬಿ ಬಣ್ಣದ ಚುಕ್ಕಿ ಹೂ. ಅಗಸಿ ಹೂವಿನ ನೀಲಿ ಬೆಳಿಗ್ಗೆ ಮಾತ್ರ, ಬಿಸಿಲೇರಿದಂತೆ ಪಕಳಿ ಉದುರುತ್ತವೆ, ಮರುದಿನ ಹೊಸವು. ಮರಾಠಿ ಸಾಲಿಗೆ ಹೋಗುವ ಹುಡುಗರಿಗೆ ಇದು 'ಜವಸ' ಅಂತ ಗೊತ್ತು. ಅಗಸಿ ಅಂದ್ರೆ ಊರ ಬಾಗಿಲು ಒಂದೇ ಅಂತ ತಿಳಿದವರೂ ಇದ್ದಾರೆ.

ಅದಕ್ಕಿಂತ ತಮಾಷೆ ಕುಸುಬಿಯದ್ದು. ಮರಾಠಿಯಲ್ಲಿ ಕರಡಈ, ಆಡುಮಾತಿನಲ್ಲಿ ಕರಡಿ. ಅಂಗಡಿಯಲ್ಲಿ 'ಕರಡಿ ಎಣ್ಣಿ ಕೊಡ್ರಿ' ಅಂದರೆ ಆಚೆ ಕಡೆಯಿಂದ ಬಂದ ಬೀಗರು ಗಾಬರಿಯಾಗಿ ನೋಡುತ್ತಾರೆ. ಜೋಳದ ಹೊಲದ ಸುತ್ತ ದನ ನುಗ್ಗದಂತೆ ಮುಳ್ಳಿನ ಕುಸುಬಿ ಬಿತ್ತುವುದು ಹಿಂದಿನಿಂದ ಬಂದ ಪದ್ಧತಿ. ಹೂ ಅರಳುವಾಗ ಹಳದಿ, ಬಾಡುತ್ತ ಬಂದಂತೆ ಕೇಸರಿ, ಕೆಂಪು. ಹಿಂದೆ ಬಟ್ಟೆಗೆ ಬಣ್ಣ ಹಾಕಲು ಇದೇ ಪಕಳಿ ಬಳಸುತ್ತಿದ್ದರು. ಬೇರು ಆಳಕ್ಕೆ ಇಳಿದು ಕೆಳಗಿನ ಹಸಿ ಹುಡುಕುತ್ತದೆ, ಅದಕ್ಕೇ ಮಳೆ ನಿಂತ ಮೇಲೆ ಮೂರು ತಿಂಗಳಾದರೂ ಹಸಿರಾಗಿ ನಿಲ್ಲುತ್ತದೆ.

ಕುಸುಬಿ ಬೆಳೆಯಲ್ಲಿ ಗಡಿಯ ಎರಡೂ ಕಡೆಗೆ ಹೆಸರಿದೆ. 'ಭೀಮಾ' ತಳಿ ಸೊಲ್ಲಾಪುರದ ಒಣಬೇಸಾಯ ಸಂಶೋಧನೆಯದು, 'ಎ-1' ಧಾರವಾಡ ಜಿಲ್ಲೆಯ ಅಣ್ಣಿಗೇರಿಯದು. ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಮುಳ್ಳಿಲ್ಲದ 'ನಾರಿ-6' ತಳಿ ತಂದರು, ಪಕಳಿ ಬಿಡಿಸಿ ಕಷಾಯದ ಚಹಾಕ್ಕೆ ಬಳಸುವುದನ್ನೂ ತೋರಿಸಿದರು. ಇಷ್ಟಾದರೂ ಹೊಲದಲ್ಲಿ ಕುಸುಬಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಬಂದಿದೆ. ಮುಳ್ಳಿನ ಬೆಳೆ ಕೊಯ್ಯಲು ಆಳು ಸಿಗುವುದಿಲ್ಲ, ನೀರಿದ್ದವರು ಕಬ್ಬಿಗೆ ಹೋದರು.

ಹೊಲದಲ್ಲಿ ಹೋದದ್ದನ್ನು ಅಂಗಳದಲ್ಲಿ ಹತ್ತು ಗಿಡವಾದರೂ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಅಗಸಿ, ಕುಸುಬಿ ಎರಡನ್ನೂ ಕಿತ್ತು ಹಚ್ಚಬಾರದು, ಇಟ್ಟಲ್ಲೇ ಬೀಜ ಊರಬೇಕು. ಕುಸುಬಿಗೆ ಆಳದ ಪಾತ್ರೆ ಬೇಕು, ಬಣ್ಣದ ಖಾಲಿ ಡಬ್ಬಿಗೆ ತಳದಲ್ಲಿ ತೂತು ಮಾಡಿದರೆ ನಡೆದೀತು. ಅಕ್ಟೋಬರ್‌ನಲ್ಲಿ ಊರಿದರೆ ಅಗಸಿ ಎರಡು ತಿಂಗಳಿಗೆ, ಕುಸುಬಿ ಎರಡೂವರೆ-ಮೂರು ತಿಂಗಳಿಗೆ ಹೂವಾಗುತ್ತದೆ. ಅಷ್ಟರೊಳಗೆ ಒತ್ತಾಗಿ ಬಂದ ಕುಸುಬಿ ಸಸಿ ಕಿತ್ತರೆ ಎಳೆ ಎಲೆಯ ಪಲ್ಲೆ. ಬಾಳೆ ನೀರು, ಅಕ್ಕಿ ತೊಳೆದ ನೀರು, ಬಚ್ಚಲ ನೀರು ಯಾವುದಾದರೂ ಆದೀತು. ಬಟ್ಟೆ ಒಗೆದ ಪೌಡರ್ ನೀರು ಮಾತ್ರ ಬೇಡ, ಮಣ್ಣು ಕೆಡುತ್ತದೆ.

ಈ ವರ್ಷದ ಹೂ ನೋಡಿ ಆಸೆಯಾದವರು ಈಗಲೇ ಮರಿ ಕೇಳಿ ಇಟ್ಟಿರಬೇಕು. 'ಆಯಿ, ನಿಮ್ಮ ಶೇವಂತಿದು ಒಂದು ಮರಿ ಕೊಡ್ರಿ' ಎಂದರೆ ನಮ್ಮ ಓಣಿಗಳಲ್ಲಿ ಇಲ್ಲ ಎನ್ನುವವರು ಕಡಿಮೆ. 'ಹೂ ಹೋಗಲಿ, ಆಮ್ಯಾಲ ಬಾರಪಾ' ಎನ್ನುತ್ತಾರೆ. ಹೋಗುವಾಗ ಮಕ್ಕಳನ್ನೂ ಕರಕೊಂಡು ಹೋಗಿ, ಆ ಆಯಿ ಆ ಗಿಡವನ್ನು ಏನೆಂದು ಕರೆಯುತ್ತಾರೆ ಎಂದು ಅವರ ಬಾಯಿಂದಲೇ ಕೇಳಿಸಿ. ಅಗಸಿ, ಕುಸುಬಿ ಬೀಜವನ್ನು ರಾಶಿಯಾದ ಮೇಲೆ ಹಳ್ಳಿಯ ನೆಂಟರ ಹತ್ತಿರ ಒಂದು ಹಿಡಿ ಕೇಳಿಕೊಂಡರೆ ಬಂತು. ಅಂಗಳದ್ದೇ ಬೀಜ ಹಿಡಿಯುವವರು ಗಿಡ ಪೂರ್ತಿ ಒಣಗುವವರೆಗೆ ಕಾದು, ಬೆಳಿಗ್ಗೆ ಇಬ್ಬನಿಗೆ ಮುಳ್ಳು ಮೆತ್ತಗಾಗಿರುವಾಗಲೇ ಕುಸುಬಿ ಗುಂಡು ಕೊಯ್ಯಬೇಕು, ಕೈಗೆ ಗೋಣಿಚೀಲ ಸುತ್ತಿಕೊಂಡು.