ಅಜ್ಜನ ಕುರ್ಚಿ: ಮನೆಮಾತು ಎಷ್ಟು, ನಿಜ ಎಷ್ಟು?

ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಸೇರುವ ಅಡ್ಡರಸ್ತೆಗಳಲ್ಲಿ ಹಳೆಯ ಹೆಂಚಿನ ಮನೆಯನ್ನು ಅಪಾರ್ಟ್‌ಮೆಂಟಿಗೆಂದು ಕೆಡವುವಾಗ ಕುರ್ಚಿಗಳಿಗೆ ಗ್ರಹಚಾರ ಶುರುವಾಗುತ್ತದೆ. ಬೆಳ್ಳಿ, ತಾಮ್ರ, ಹಿತ್ತಾಳೆಯೆಲ್ಲ ಅಣ್ಣತಮ್ಮಂದಿರ ಪಾಲುಪಟ್ಟಿ ಸೇರುತ್ತವೆ. ವರಾಂಡದ ಈಸಿ ಚೇರಿಗೂ ಹಾಲಿನ ಬೆತ್ತದ ಕುರ್ಚಿಗಳಿಗೂ ಲೆಕ್ಕವಿಲ್ಲ, ಇರುವುದು ಕಥೆ ಮಾತ್ರ. ‘ಮಹಾಗನಿ ಕಣಯ್ಯ’, ‘ಟಿಪ್ಪು ಕಾಲದ್ದು’, ‘ಅಮೆರಿಕದಲ್ಲಾದರೆ ಕೋಟಿ ಬೆಲೆ’ ಎಂಬ ಮಾತುಗಳು ಗುಜರಿಯವನ ಗಾಡಿ ಬಾಗಿಲಿಗೆ ಬಂದ ದಿನ ಜೋರಾಗುತ್ತವೆ. ಅವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ಸುಳ್ಳು.

ತಪ್ಪು ಕಲ್ಪನೆ 1: ಕೆಂಪಗೆ ಹೊಳೆಯುವ ಹಳೆಯ ಕುರ್ಚಿ ಮಹಾಗನಿಯದು.

ವಾಸ್ತವ: ಹಳೆ ಮೈಸೂರು ಸೀಮೆಯ ಮನೆಗಳಲ್ಲಿ ಒಳ್ಳೆಯ ಕುರ್ಚಿ ಎಂದರೆ ಬಹುಪಾಲು ತೇಗದ್ದು ಅಥವಾ ಬೀಟೆಯದು. ಕೈ ಸ್ವಲ್ಪ ಬಿಗಿಯಿದ್ದವರು ಹೊನ್ನೆ, ಹಲಸು ಹಾಕಿಸುತ್ತಿದ್ದರು. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಕಾಡು ಹತ್ತಿರವೇ ಇರುವಾಗ ಸಮುದ್ರದಾಚೆಯ ಮರಕ್ಕೆ ಯಾರೂ ಕಾಯಬೇಕಿರಲಿಲ್ಲ. ಮಹಾಗನಿ ನಮ್ಮ ನೆಲದ ಮರವೂ ಅಲ್ಲ. ಕೆರಿಬಿಯನ್ ದ್ವೀಪಗಳು ಮತ್ತು ಮಧ್ಯ ಅಮೆರಿಕ ಅದರ ತವರು. 1795ರಲ್ಲಿ ವೆಸ್ಟ್ ಇಂಡೀಸ್‌ನಿಂದ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಸಸಿಗಳಿಂದ ಅದರ ಭಾರತದ ಬಾಳು ಶುರುವಾಯಿತು. ಇಂದು ಬೆಂಗಳೂರಿನ ಸಾಲುಮರಗಳಲ್ಲಿ ಅದು ಸಾಮಾನ್ಯ. ಮೇಲ್ಮುಖವಾಗಿ ನಿಂತ ಮರದಂಥ ಗಟ್ಟಿ ಕಾಯಿ ಒಡೆದು, ರೆಕ್ಕೆಯ ಬೀಜಗಳು ಗಿರಗಿರ ತಿರುಗುತ್ತ ಬೀಳುವುದನ್ನು ಬೇಸಿಗೆಯಲ್ಲಿ ನೋಡಬಹುದು. ಸಂಪಿಗೆ ರಸ್ತೆಗೆ ಸಮಾನಾಂತರವಾಗಿ ಹೋಗುವ ಮಾರ್ಗೋಸಾ ರಸ್ತೆಗೆ ಹೆಸರು ಕೊಟ್ಟ ಬೇವು ಕೂಡ ಮಹಾಗನಿಯದೇ ಕುಟುಂಬದ್ದು. ಆದರೆ ಬೀದಿಯಲ್ಲಿ ಮರವಿದೆ ಎಂದಮಾತ್ರಕ್ಕೆ ಅಜ್ಜನ ಕುರ್ಚಿ ಅದರಿಂದ ಆದದ್ದಲ್ಲ. ಪಾಲಿಶ್‌ನವರ ಡಬ್ಬಿಯ ಮೇಲೆ ‘ಮಹಾಗನಿ’ ಒಂದು ಬಣ್ಣದ ಹೆಸರು. ತೇಗಕ್ಕೆ ಆ ಬಣ್ಣ ಬಳಿದರೆ ತೇಗವೂ ಮಹಾಗನಿಯಂತೆಯೇ ಕಾಣುತ್ತದೆ.

ತಪ್ಪು ಕಲ್ಪನೆ 2: ಅಮೆರಿಕದ ಹೆಸರಾಂತ ಮಹಾಗನಿ ಕುರ್ಚಿಗಳು ಅಮೆರಿಕದ ಕಾಡಿನ ಮರದಿಂದ ಆದವು.

ವಾಸ್ತವ: ಫಿಲಡೆಲ್ಫಿಯಾದಲ್ಲಾಗಲಿ ಬೋಸ್ಟನ್ನಿನಲ್ಲಾಗಲಿ ಮಹಾಗನಿ ಬೆಳೆಯುವುದಿಲ್ಲ. 1721ರಲ್ಲಿ ಬ್ರಿಟಿಷ್ ಸಂಸತ್ತು ತನ್ನ ಅಮೆರಿಕದ ವಸಾಹತುಗಳಿಂದ ಬರುವ ಮರದ ಸುಂಕ ತೆಗೆದುಹಾಕಿತು. ಜಮೈಕಾದ ಮಹಾಗನಿಯ ವ್ಯಾಪಾರ ಆಮೇಲೆ ಭರದಿಂದ ಬೆಳೆಯಿತು. ಅಗಲ ಹಲಗೆ, ಸೊಟ್ಟಗಾಗದ ಗುಣ, ಕೆತ್ತನೆಗೆ ಹೇಳಿ ಮಾಡಿಸಿದ ಮೈ, ಇಷ್ಟೆಲ್ಲ ಇರುವ ಮರವನ್ನು ಬಡಗಿ ಬಿಡುತ್ತಾನೆಯೇ? ಜಮೈಕಾದಲ್ಲಿ, ಇಂದಿನ ಬೆಲೀಜ್‌ನಲ್ಲಿ ಆ ಮರ ಕಡಿದು ಹೊಳೆಗೆ ಎಳೆದು ತಂದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ವಿನ್ಯಾಸ ಬಂದದ್ದು ಲಂಡನ್ನಿನಿಂದ. ಥಾಮಸ್ ಚಿಪೆಂಡೇಲ್ 1754ರಲ್ಲಿ ಅಚ್ಚು ಹಾಕಿಸಿದ ಮಾದರಿ ಪುಸ್ತಕವನ್ನು ವಸಾಹತುಗಳ ಬಡಗಿಗಳೂ ನೋಡುತ್ತಿದ್ದರು. ಆ ಕುರ್ಚಿಯಲ್ಲಿ ಅಮೆರಿಕದ್ದಾಗಿ ಉಳಿಯುವುದು ಕೈಕೆಲಸ ಮತ್ತು ಅದನ್ನು ಕೊಂಡ ಕುಟುಂಬ.

ತಪ್ಪು ಕಲ್ಪನೆ 3: ಕಪ್ಪಗೆ, ಭಾರವಾಗಿದ್ದರೆ ಬೀಟೆಯೇ.

ವಾಸ್ತವ: ಕಪ್ಪು ಬಣ್ಣ ಡಬ್ಬಿಯಿಂದಲೂ ಬರುತ್ತದೆ, ದಶಕಗಳ ಎಣ್ಣೆ, ಹೊಗೆ, ಧೂಳಿನಿಂದಲೂ ಬರುತ್ತದೆ. ಕುರ್ಚಿಯನ್ನು ಮಗುಚಿ, ಪಾಲಿಶ್ ತಾಗದ ಸೀಟಿನ ಅಡಿಭಾಗ ನೋಡಬೇಕು. ಬೀಟೆಯ ಮೈ ನೇರಳೆ ಛಾಯೆಯ ಕಂದು, ನಡುವೆ ಕರಿಗೆರೆಗಳು. ಕಾಣದ ಕಡೆ ಚೂರು ಹೆರೆದರೆ ತಿಳಿಯಾದ ಸುವಾಸನೆ ಬರುತ್ತದೆ. ತೇಗ ಹೊಂಗಂದು, ಮುಟ್ಟಿದರೆ ಎಣ್ಣೆಯ ಜಿಡ್ಡು, ವಾಸನೆ ಹದ ಮಾಡಿದ ಚರ್ಮದ್ದು. ಮೈಸೂರಿನ ಕುಸುರಿ ಕೂರಿಸಿದ ಪೀಠೋಪಕರಣಗಳು ಬೀಟೆಯವು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲೆ ಅದು. ಹಳೆಯವುಗಳಲ್ಲಿ ಬಿಳಿ ಕುಸುರಿ ಆನೆದಂತದ್ದಾಗಿರಬಹುದು. ದಂತದ ವ್ಯಾಪಾರಕ್ಕೆ ಈಗ ನಿಷೇಧವಿರುವುದರಿಂದ ಅಂಥ ಕುರ್ಚಿ ಮಾರಲು ಹೊರಡುವ ಮುನ್ನ ಕಾನೂನು ಬಲ್ಲವರನ್ನು ಕೇಳುವುದು ಕ್ಷೇಮ.

ತಪ್ಪು ಕಲ್ಪನೆ 4: ನಮ್ಮನೆ ಕುರ್ಚಿ ಟಿಪ್ಪು ಕಾಲದ್ದು.

ವಾಸ್ತವ: ಟಿಪ್ಪು ತೀರಿಕೊಂಡದ್ದು 1799ರಲ್ಲಿ. ಈ ಕುರ್ಚಿಗಳಿರುವ ಬಡಾವಣೆಗಳೇ ಅದಕ್ಕಿಂತ ಈಚಿನವು: ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಜನ ತುಂಬಿದ್ದು 1898ರ ಪ್ಲೇಗು ಪೇಟೆಯ ಇಕ್ಕಟ್ಟಿನಿಂದ ಅವರನ್ನು ಹೊರಗಟ್ಟಿದ ಮೇಲೆ. ಕುರ್ಚಿ ಮನೆಗಿಂತ ಹಳೆಯದಾಗಿರಬಾರದೆಂದೇನೂ ಇಲ್ಲ, ಆದರೆ ಸಾಕ್ಷಿ ಕೇಳಬೇಕಾದದ್ದು ಕುರ್ಚಿಯನ್ನೇ. ಚೂಪು ತುದಿಯ ಯಂತ್ರದ ಸ್ಕ್ರೂ ಬಳಕೆಗೆ ಬಂದದ್ದು 19ನೇ ಶತಮಾನದ ನಡುಭಾಗದಲ್ಲಿ. ಅದಕ್ಕೂ ಮೊದಲು ಸ್ಕ್ರೂವಿನ ತುದಿ ಮೊಂಡು, ತಲೆಯ ಗೀರು ಎಷ್ಟೋ ಸಲ ಮಧ್ಯ ತಪ್ಪಿರುತ್ತಿತ್ತು. ಪ್ಲಸ್ ಗುರುತಿನ ತಲೆ ಬಂದದ್ದು 1930ರ ದಶಕದಲ್ಲಿ. ಸೀಟಿನ ಅಡಿಯ ಗರಗಸದ ಗೀರು ಕಮಾನಿನಂತೆ ಬಾಗಿದ್ದರೆ ಮರ ಸೀಳಿದ್ದು ಸುತ್ತುವ ಯಂತ್ರಗರಗಸ. ಒಂದು ಎಚ್ಚರಿಕೆ: ರಿಪೇರಿಯಲ್ಲಿ ಹೊಸ ಸ್ಕ್ರೂ ಸೇರಿರಬಹುದು. ಒಂದೇ ಸ್ಕ್ರೂ ನೋಡಿ ತೀರ್ಪು ಕೊಡಬೇಡಿ, ಎಲ್ಲ ಜೋಡಣೆಗಳನ್ನೂ ನೋಡಿ.

ಈ ಚಟ ನಮ್ಮದೊಂದೇ ಅಲ್ಲ. ತಮ್ಮ ಕುರ್ಚಿ 1620ರ ಮೇಫ್ಲವರ್ ಹಡಗಿನಲ್ಲೇ ಬಂತೆಂದು ಹೇಳಿಕೊಳ್ಳುವ ಅಮೆರಿಕದ ಮನೆತನಗಳ ಮಾತು ಹಳೆಯ ನಗೆಚಟಾಕಿ. ಕುರ್ಚಿ ಮಹಾಗನಿಯದಾಗಿದ್ದರೆ ಆ ಕಥೆ ಅಲ್ಲಿಗೇ ಮುಗಿಯಿತು. ಆ ಮರ ಕುರ್ಚಿಯ ಬಳಕೆಗೆ ಬಂದದ್ದು ಸುಮಾರು ನೂರು ವರ್ಷ ತಡವಾಗಿ.

ತಪ್ಪು ಕಲ್ಪನೆ 5: ಹಳೆಯ ಕುರ್ಚಿಗಳೆಲ್ಲ ವಿಲಾಯತಿಯಿಂದ ಬಂದವು.

ವಾಸ್ತವ: ಬಂದ ದಾರಿ ಮೂರು. ಮೊದಲನೆಯದು ದಂಡು ಪ್ರದೇಶ. ಊರು ಬಿಡುವ ಅಧಿಕಾರಿಗಳು ಸಾಮಾನನ್ನು ಹರಾಜಿಗೆ ಹಾಕುತ್ತಿದ್ದರು, ಪೇಟೆಯ ಕಡೆಯವರೂ ಕೂಗುತ್ತಿದ್ದರು. ಆ ಸಾಮಾನಿನಲ್ಲೂ ಬಹಳಷ್ಟು ಇಲ್ಲಿಯ ಬಡಗಿಗಳೇ ವಿಲಾಯತಿ ಮಾದರಿ ನೋಡಿ ಮಾಡಿದ್ದು. ಎರಡನೆಯ ದಾರಿ ಮನೆಯಂಗಳ. ಮರವನ್ನು ತಾವೇ ಕೊಂಡು ತಂದು ಆಚಾರಿಯನ್ನು ದಿನಗೂಲಿಗೆ ಕರೆಸಿ, ಬಾಗಿಲು ಕಿಟಕಿಗಳ ಜೊತೆಗೇ ಕುರ್ಚಿ ಮಂಚಗಳನ್ನೂ ಮಾಡಿಸುವ ರೂಢಿಯಿತ್ತು. ಮೂರನೆಯದು ಹಡಗು, ಆದರೆ ಅದು ಲಂಡನ್ನಿನದೇ ಆಗಬೇಕಿರಲಿಲ್ಲ. ಬೆನ್ನು ಕಮಾನಾಗಿ ಬಾಗಿದ, ಎತ್ತಿದರೆ ಹಗುರವೆನಿಸುವ, ಬೆತ್ತದ ದುಂಡು ಸೀಟಿನ ಕುರ್ಚಿ ವಿಯೆನ್ನಾದ ಮಿಖಾಯೆಲ್ ಥೋನೆಟ್ ಅವರ ಕಾರ್ಖಾನೆಯ ಮಾದರಿ. ಬೀಚ್ ಮರವನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿ ಮಾಡಿದ ಅದರ 14ನೇ ನಂಬರಿನ ಕುರ್ಚಿ 1859ರಲ್ಲಿ ಹೊರಬಂತು. ಬಿಡಿಭಾಗ ಆರೇ, ಬಿಚ್ಚಿ ಜೋಡಿಸಿದರೆ 36 ಕುರ್ಚಿ ಒಂದು ಘನಮೀಟರ್ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ಮುಂಬಯಿಯ ಇರಾನಿ ಹೋಟೆಲುಗಳನ್ನು ತುಂಬಿದ್ದು ಇಂಥವೇ. ಸೀಟಿನ ಚೌಕಟ್ಟಿನ ಒಳಬದಿಯಲ್ಲಿ ಕಾಗದದ ಚೀಟಿಯೋ ಸುಟ್ಟ ಮುದ್ರೆಯೋ ಇದ್ದರೆ ದಯವಿಟ್ಟು ಉಜ್ಜಬೇಡಿ, ಮಾಡಿದವರ ಗುರುತು ಅದು.

ಮಾಡಿದವರ ಹೆಸರಿನ ವಿಷಯದಲ್ಲಿ ನಾವು ಸೋತಿದ್ದೇವೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಾಮಸ್ ಜೆಫರ್ಸನ್ ಅವರ ಮಾಂಟಿಸೆಲೊ ಮನೆಯಲ್ಲಿ ಒರಗಿ ಕೂರುವ ಕ್ಯಾಂಪೀಚಿ ಕುರ್ಚಿಗಳಿದ್ದವು, ನಮ್ಮ ಈಸಿ ಚೇರಿನ ದೂರದ ನೆಂಟರು. ಆ ಮಾದರಿಯಲ್ಲಿ ಅಲ್ಲೇ ಕುರ್ಚಿ ಮಾಡಿದವರು ಜಾನ್ ಹೆಮಿಂಗ್ಸ್, ಜೆಫರ್ಸನ್ನರದೇ ಗುಲಾಮರಾಗಿದ್ದ ಬಡಗಿ. ಗುಲಾಮರಾಗಿದ್ದರೂ ಅವರ ಹೆಸರು ದಾಖಲೆಯಲ್ಲಿ ಉಳಿಯಿತು. ನಮ್ಮ ವರಾಂಡದ ಈಸಿ ಚೇರಿಗೆ ಕಾಲು ಚಾಚಲು ಮಡಚುವ ತೋಳು ಕೂರಿಸಿದ ಆಚಾರಿ ಯಾರೆಂದು ಎಷ್ಟು ಮನೆಗಳಲ್ಲಿ ಹೇಳಬಲ್ಲರು?

ತಪ್ಪು ಕಲ್ಪನೆ 6: ಫೋಟೋದಲ್ಲಿ ಮುತ್ತಜ್ಜ ಕೂತಿರುವ ಕೆತ್ತನೆಯ ಕುರ್ಚಿ ನಮ್ಮದೇ.

ವಾಸ್ತವ: ಬಹುಶಃ ಸ್ಟುಡಿಯೋದವರದು. ಬಣ್ಣದ ಪರದೆ, ಹೂಕುಂಡದ ಸ್ಟ್ಯಾಂಡು, ಕೆತ್ತನೆಯ ಕುರ್ಚಿ ಮೂರೂ ಹಳೆಯ ಸ್ಟುಡಿಯೋಗಳ ಕಾಯಂ ಸಾಮಾನು. ಬೇರೆ ಮನೆಯವರ ಹಳೆಯ ಫೋಟೋದಲ್ಲೂ ಅದೇ ಕುರ್ಚಿ ಸಿಕ್ಕರೆ ‘ಕದ್ದವರು ಯಾರು’ ಎಂಬ ದಾಯಾದಿ ಜಗಳ ತಪ್ಪುತ್ತದೆ.

ತಪ್ಪು ಕಲ್ಪನೆ 7: ಕುರ್ಚಿ ಇದ್ದ ಮನೆ ಸಿರಿವಂತರದು, ಕುರ್ಚಿ ಮನೆಮಂದಿಗೆಲ್ಲ.

ವಾಸ್ತವ: ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳಲ್ಲಿ ನೆಲೆಸಿದವರಲ್ಲಿ ಮೈಸೂರು ಸರ್ಕಾರದ ಗುಮಾಸ್ತರು, ಮೇಷ್ಟ್ರುಗಳು, ವಕೀಲರು ಬಹಳ. ಸಂಬಳದಲ್ಲಿ ಬದುಕಿದ ಸಂಸಾರಗಳು ಅವು. ಎರಡು ಮೂರು ಕುರ್ಚಿ ಇದ್ದರೆ ಹೆಚ್ಚು, ಅವೂ ಬಂದವರಿಗೆ. ಊಟಕ್ಕೆ ಮಣೆ, ಮಧ್ಯಾಹ್ನಕ್ಕೆ ಚಾಪೆ, ಮಕ್ಕಳ ಓದಿಗೆ ನೆಲ ಅಥವಾ ಇಳಿಜಾರು ಡೆಸ್ಕು. ಈಸಿ ಚೇರು ಯಜಮಾನರದು. ಅವರು ಕಚೇರಿಗೆ ಹೋದಾಗ ಮೊಮ್ಮಕ್ಕಳು ಅದರ ಮೇಲೆ ಬಸ್ಸು ಓಡಿಸಬಹುದಿತ್ತು. ಮಾವನೆದುರು ಸೊಸೆ ಕುರ್ಚಿಯಲ್ಲಿ ಕೂರುವುದು ಎಷ್ಟೋ ಮನೆಗಳಲ್ಲಿ ನಡೆಯದ ಮಾತಾಗಿತ್ತು. ಕುರ್ಚಿಯನ್ನು ದಿನಾ ಒರೆಸಿದವರೊಬ್ಬರು, ಕೂತವರು ಇನ್ನೊಬ್ಬರು. ‘ನಮ್ಮ ಮನೆತನದ ಕುರ್ಚಿ’ ಎನ್ನುವ ಮುನ್ನ ಮನೆತನದಲ್ಲಿ ಯಾರು ಯಾರು ಅದರಲ್ಲಿ ಕೂತಿದ್ದರು ಎಂದು ಅಜ್ಜಿಯನ್ನು ಕೇಳಿ. ಉತ್ತರದಲ್ಲಿ ಮನೆಯ ಇತಿಹಾಸವೇ ಸಿಗುತ್ತದೆ.

ತಪ್ಪು ಕಲ್ಪನೆ 8: ಬೆತ್ತ ಹರಿದರೆ ಪ್ಲೈವುಡ್ ಹೊಡೆಸಿ, ಪಾಲಿಶ್ ಮಾಸಿದರೆ ಹೆರೆಸಿ ಮಿರಮಿರ ಮಾಡಿಸಿ.

ವಾಸ್ತವ: ಬೆತ್ತ ಹರಿಯುವುದೇ ಕುರ್ಚಿಯನ್ನು ಉಳಿಸಲಿಕ್ಕೆ. ಭಾರ ತಾಳದೆ ಮೊದಲು ಸೋಲುವುದು ಅದು, ಚೌಕಟ್ಟಲ್ಲ. ಬರೀ ಜೋತುಬಿದ್ದಿದ್ದರೆ ಅಡಿಯಿಂದ ಒದ್ದೆ ಬಟ್ಟೆ ಒತ್ತಿ ರಾತ್ರಿಯಿಡೀ ಒಣಗಲು ಬಿಟ್ಟರೆ ಬಿಗಿದುಕೊಳ್ಳುತ್ತದೆ. ಹರಿದಿದ್ದರೆ ಚೌಕಟ್ಟಿನ ತೂತುಗಳ ಮೂಲಕ ಕೈಯಲ್ಲೇ ಮತ್ತೆ ಹೆಣೆಸಬಹುದು. ಅಂಧರ ಶಾಲೆಗಳಲ್ಲಿ ಕಸುಬಾಗಿ ಕಲಿಸುತ್ತ ಬಂದ ಕೆಲಸ ಅದು. ತೂತುಗಳ ಮೇಲೆ ಪ್ಲೈವುಡ್ ಇಟ್ಟು ಮೊಳೆ ಹೊಡೆದರೆ ಚೌಕಟ್ಟು ಸೀಳುತ್ತದೆ.

ಪಾಲಿಶ್ ಕಥೆಯೂ ಹೀಗೆಯೇ. ಹಳೆಯ ಹೊಳಪು ಸಾಮಾನ್ಯವಾಗಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆ ಸುತ್ತಿದ ಹತ್ತಿ ಉಂಡೆಯಿಂದ ಪದರ ಪದರವಾಗಿ ತಿಕ್ಕಿದ್ದು. ಕಾಣದ ಮೂಲೆಯಲ್ಲಿ ಒಂದು ತೊಟ್ಟು ಸ್ಪಿರಿಟ್ ಹಚ್ಚಿ, ಅಂಟಂಟಾದರೆ ಅರಗು. ಅದನ್ನು ತೆಳುವಾಗಿ ಮತ್ತೆ ತಿಕ್ಕಿಸಿದರೆ ಸಾಕು. ಯಂತ್ರದಿಂದ ಉಜ್ಜಿದರೆ ತೋಳಿನ ಮೇಲೆ ಕೈಯಿಟ್ಟು ಇಟ್ಟು ಸವೆದ ನುಣುಪೂ ಉಳಿಯ ಗುರುತೂ ಹೋಗುತ್ತವೆ. ಕೊಳ್ಳುವವರು ಹುಡುಕುವುದು ಅವನ್ನೇ. ತಡಮಾಡದೆ ಕೈಹಾಕಬೇಕಾದ ಸಂದರ್ಭ ಒಂದೇ: ಅಡಿಯಲ್ಲಿ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಅದು ಕುಟ್ಟೆ ಹುಳ. ಮೊದಲು ಔಷಧಿ, ಆಮೇಲೆ ಮಿಕ್ಕದ್ದು.

ತಪ್ಪು ಕಲ್ಪನೆ 9: ನಮ್ಮನೆ ವಸ್ತು, ನ್ಯೂಜೆರ್ಸಿಯ ಮಗನಿಗೆ ಕಳಿಸಲು ಯಾರ ಅಪ್ಪಣೆ ಬೇಕು?

ವಾಸ್ತವ: ಬೇಕು. 1972ರ ಪ್ರಾಚೀನ ವಸ್ತು ಮತ್ತು ಕಲಾ ಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಕರಕುಶಲ ವಸ್ತು ಪ್ರಾಚೀನ ವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಮನೆಯಲ್ಲಿಟ್ಟುಕೊಂಡು ಕೂರಲು ಅಡ್ಡಿಯಿಲ್ಲ. ಅಷ್ಟು ಹಳೆಯದಲ್ಲವೆಂದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾಲಯದಿಂದ ‘ಪ್ರಾಚೀನ ವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆಯಬಹುದು. ಬೀಟೆಯಾದರೆ ಇನ್ನೊಂದು ಬಾಗಿಲು ದಾಟಬೇಕು. ಅದರ ಕುಲ 2017ರ ಜನವರಿ 2ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್‌ನ ಎರಡನೇ ಪಟ್ಟಿಯಲ್ಲಿದೆ, ಗಡಿ ದಾಟಲು ಅದರ ಕಾಗದವೂ ಬೇಕಾದೀತು. ‘ಟಿಪ್ಪು ಕಾಲದ್ದು’ ಎಂದು ನೆಂಟರೆದುರು ಕೊಚ್ಚಿಕೊಂಡವರು ಕಸ್ಟಮ್ಸ್‌ನವರೆದುರು ‘ಮೊನ್ನೆ ಮೊನ್ನೆಯದು’ ಎನ್ನಬೇಕಾದ ಪೇಚು ಇಲ್ಲಿ ಹುಟ್ಟುತ್ತದೆ.

ತಪ್ಪು ಕಲ್ಪನೆ 10: ಹಳೆಯದಾದಷ್ಟೂ ಬೆಲೆ.

ವಾಸ್ತವ: ವಯಸ್ಸೊಂದೇ ಬೆಲೆ ತರುವುದಿಲ್ಲ. ಫಿಲಡೆಲ್ಫಿಯಾದ ಜಾನ್ ಕ್ಯಾಡ್‌ವಾಲಡರ್ ಮನೆಗೆಂದು 1770ರ ಸುಮಾರಿಗೆ ಮಾಡಿದ, ಕಾಲಿಗೆ ರೋಮದ ಪಂಜ ಕೆತ್ತಿದ ಒಂದು ಮಹಾಗನಿ ಕುರ್ಚಿ 1987ರಲ್ಲಿ 27.5 ಲಕ್ಷ ಡಾಲರಿಗೆ ಹರಾಜಾಯಿತು. ಕೆತ್ತನೆ ಅಪರೂಪದ್ದು ನಿಜ. ಆದರೆ ಆ ಮನೆಗೆ ಥಾಮಸ್ ಅಫ್ಲೆಕ್ ಎಂಬ ಬಡಗಿ ಬರೆದ ಬಿಲ್ಲೂ ಮಿಕ್ಕ ಖರ್ಚಿನ ಚೀಟಿಗಳೂ ಉಳಿದಿವೆ. ಯಾರು ಮಾಡಿದರು, ಯಾರು ಕೆತ್ತಿದರು, ಎಷ್ಟು ಕೊಟ್ಟರು ಎಂದು ಹೇಳುವ ಕಾಗದ ಆ ಕುರ್ಚಿಗೆ ಇತ್ತು. ಹಾಗೆ ಕಾಗದವಿಲ್ಲದ, ಸಾಧಾರಣ ಕೆಲಸದ ಹಳೆಯ ಕಂದು ಮರದ ಸಾಮಾನಿಗೆ ಈ ಶತಮಾನದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲೇ ಬೆಲೆ ಬಿದ್ದುಹೋಗಿದೆ.

ನಮ್ಮ ಕುರ್ಚಿಗಳಿಗೆ ಕಡಿಮೆಯಿರುವುದು ಆ ಕಾಗದ. ಇವತ್ತೇ ಮಾಡಬಹುದಾದ ಕೆಲಸ ಅದು. ಯಾವ ಮರ, ಯಾರು ಮಾಡಿಸಿದರು, ಯಾವ ಮನೆಯಿಂದ ಬಂತು, ಬೆತ್ತ ಯಾವಾಗ ಹೆಣೆಸಿದ್ದು, ಇಷ್ಟನ್ನು ಬರೆದು ಲಕೋಟೆಯಲ್ಲಿಟ್ಟು ಸೀಟಿನ ಚೌಕಟ್ಟಿನ ಒಳಬದಿಗೆ ದಾರದಿಂದ ಕಟ್ಟಿ, ಅಂಟಿಸಬೇಡಿ. ಕೇಳಿದ ಮಾತಿಗೆ ‘ಕೇಳಿದ್ದು’ ಎಂದೇ ಬರೆಯಿರಿ, ಕಂಡದ್ದಕ್ಕೆ ‘ಕಂಡದ್ದು’ ಎಂದು. ಆಚಾರಿಯ ಹೆಸರು ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನು ಮೊದಲ ಸಾಲಿಗೆ ಹಾಕಿ.